ನಿಲ್ಲಿಸಿದ ಗಾಡಿ

ನಾನು ನಿಂತಿದ್ದದ್ದು ಮೈಸೂರಿನಿಂದ ಗುಂಡ್ಲುಪೇಟೆಗೆ ಬರುವ ರಸ್ತೆಯಲ್ಲಿ, ಬೇಗೂರು ದಾಟಿದ ಮೇಲೆ ಎಡಕ್ಕೆ ಸಿಗುವ ಒಂದು ಮೋರಿಯ ಪಕ್ಕ. ಮಧ್ಯರಾತ್ರಿ ಕಳೆದಿತ್ತು. ದಸರಾ ಮುಗಿದು ಕೆಲವು ವಾರಗಳಾಗಿದ್ದವು. ಬಂಡೀಪುರದ ಕಾಡಿನಲ್ಲಿ ರಾತ್ರಿ ಗಾಡಿಗಳ ಓಡಾಟ ನಿಂತದ್ದು ಅದಾದ ಕೆಲವು ವರ್ಷಕ್ಕೆ. ಹಾಗಾಗಿ ಆ ಹೊತ್ತಿನಲ್ಲೂ ಕೇರಳದ ಲಾರಿಗಳು, ಊಟಿಯ ಬಸ್ಸುಗಳು ಆ ರಸ್ತೆಯಲ್ಲಿ ಹೋಗುತ್ತಿದ್ದವು. ನನ್ನ ಕಾಲ ಬಳಿ, ಮೋರಿಯ ಕಟ್ಟೆಗೆ ಒರಗಿ ಅತ್ತಿಗೆ ಕುಳಿತಿದ್ದರು. ಅವರ ತೊಡೆಯ ಮೇಲೆ ಅಣ್ಣನ ತಲೆಯಿತ್ತು.

ಅಣ್ಣ ಎಂದರೆ ನನ್ನ ದೊಡ್ಡಪ್ಪನ ಮಗ. ಗುಂಡ್ಲುಪೇಟೆಯಿಂದ, ಕೇರಳದ ದಾರಿಯಲ್ಲಿ ಸಿಗುವ ಮದ್ದೂರಿನ ಕಡೆಗೆ ಜೀಪು ಓಡಿಸುತ್ತಿದ್ದ. ಅವನಿಗೆ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಅತ್ತಿಗೆ ಚಾಮರಾಜನಗರದವರು. ನಾನೂ ಆಗ ಚಾಮರಾಜನಗರದಲ್ಲೇ ಒಂದು ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯಲ್ಲಿ ಕೆಲಸಕ್ಕಿದ್ದೆ.

ಆಮೇಲೆ ಪೊಲೀಸರು ಕೇಳಿದರು, ನೆಂಟರು ಕೇಳಿದರು, ಬಸ್ಸಿನಲ್ಲಿ ಪಕ್ಕ ಕುಳಿತವರೂ ಕೇಳಿದರು: ಗುರುತಿಲ್ಲದವರ ಗಾಡಿಗೆ ಯಾಕೆ ಹತ್ತಿದಿರಿ? ಅದಕ್ಕೆ ಉತ್ತರ ಹೇಳಬೇಕಾದರೆ ಮೊದಲು ನಮ್ಮೂರಿನ ರಸ್ತೆಯ ವಿಷಯ ಹೇಳಬೇಕು.

ನಮ್ಮೂರು ಇರುವುದು ಮದ್ದೂರಿನ ರಸ್ತೆಯಲ್ಲಿ, ಕಾಡಿಗೆ ತಾಗಿಕೊಂಡು. ಅಲ್ಲಿ ಹೊತ್ತು ಮುಳುಗಿದ ಮೇಲೆ ರಸ್ತೆ ಬದಿಯಲ್ಲಿ ನಿಂತವರನ್ನು ಬಿಟ್ಟು ಮುಂದೆ ಹೋಗುವ ಗಾಡಿ ಇರಲಿಲ್ಲ. ಯಾವ ಪೊದೆಯ ಹಿಂದೆ ಆನೆ ನಿಂತಿದೆಯೋ ಯಾರಿಗೂ ಗೊತ್ತಿರುವುದಿಲ್ಲ. ಜೀಪಾಗಲಿ, ಹಾಲಿನ ವ್ಯಾನಾಗಲಿ, ತರಕಾರಿ ಲಾರಿಯಾಗಲಿ, ಕೈ ಅಡ್ಡ ಹಾಕದಿದ್ದರೂ ನಿಲ್ಲುತ್ತಿತ್ತು. ಹತ್ತಿಸಿಕೊಂಡವನು ಯಾವ ಊರು, ಯಾರ ಮನೆ ಎಂದು ಕೇಳುತ್ತಿರಲಿಲ್ಲ. ಹತ್ತಿದವನೂ ಕೇಳುತ್ತಿರಲಿಲ್ಲ. ನಿಲ್ಲಿಸಿದ ಗಾಡಿಗೆ ಬೇಡ ಎನ್ನುವುದೆಂದರೆ ಊಟಕ್ಕೆ ಎಲೆ ಹಾಕಿದ ಮೇಲೆ ಎದ್ದು ಹೋದ ಹಾಗೆ.

ಒಂದು ಸಂಜೆ ಅಣ್ಣನ ಜೀಪಿನಲ್ಲಿ ನಾನೂ ಇದ್ದೆ. ಒಬ್ಬ ಮುದುಕ ಸೌದೆಯ ಹೊರೆ ಹೊತ್ತು ಹೋಗುತ್ತಿದ್ದ. ಅಣ್ಣ ಜೀಪು ನಿಲ್ಲಿಸಿದ. ಮುದುಕ, ನಡೆದೇ ಹೋಗುತ್ತೇನೆ ಬಿಡು ಎಂದ. ಅಣ್ಣ ಇಳಿದು ರಸ್ತೆಯ ಮೇಲೆ ಕುಳಿತೇಬಿಟ್ಟ.

"ಏ ತಾತ, ನೀ ಅತ್ತಲ್ಲ ಅಂದ್ರೆ ನಾನೂ ಇಲ್ಲೇ ಕೂತ್ಕತೀನಿ ಕಣ. ಆನೆ ಬಂದ್ರೆ ಇಬ್ರುನೂ ಒಟ್ಗೇ ಮಾತಾಡಿಸ್ಕಂಡು ಓಗ್ಲಿ."

ಜೀಪಿನಲ್ಲಿದ್ದ ಹೆಂಗಸರೆಲ್ಲ ನಕ್ಕರು. ಮುದುಕ ಬೈದುಕೊಂಡೇ ಹತ್ತಿದ.

ಮೈಸೂರಿನ ವಸ್ತುಪ್ರದರ್ಶನವನ್ನು ದೀಪ ಹಚ್ಚಿದ ಮೇಲೆ ನೋಡಬೇಕೆಂದು ಅತ್ತಿಗೆಗೆ ಆಸೆಯಿತ್ತು. ಅವರು ತವರಿಗೆ ಬಂದಿದ್ದಾಗ ಅಣ್ಣ ಒಂದು ಶನಿವಾರ ಜೀಪಿಗೆ ರಜಾ ಹಾಕಿ ಚಾಮರಾಜನಗರಕ್ಕೆ ಬಂದ. ಮಾರನೆಯ ದಿನ ಅಂಗಡಿಗೆ ರಜಾ ಇದ್ದದ್ದರಿಂದ ನಾನೂ ಹೊರಟೆ. ಪ್ರದರ್ಶನ ನೋಡಿಕೊಂಡು ರಾತ್ರಿ ಬಸ್ಸಿಗೆ ಗುಂಡ್ಲುಪೇಟೆಗೆ ಬರುವುದು, ಬೆಳಗ್ಗೆ ಅಣ್ಣ ಜೀಪು ತೆಗೆಯುವುದು ಎಂದು ಮಾತಾಗಿತ್ತು.

ಹೊರಡುವಾಗ ಅತ್ತಿಗೆಯ ತಾಯಿ ನಡುಮನೆಯಲ್ಲಿ ಮಗಳನ್ನು ನಿಲ್ಲಿಸಿಕೊಂಡು ಕತ್ತಿನ ಚಿನ್ನದ ಸರ ಬಿಚ್ಚಿಸಿದರು. ಅರಿಶಿನ ಹಚ್ಚಿದ ದಾರಕ್ಕೆ ತಾಳಿ ಪೋಣಿಸಿ ಕಟ್ಟಿದರು.

"ಆ ಗುಂಪಲ್ಲಿ ಯಾರು ಎಂಗೋ ಯೇನೋ. ಕಿತ್ಕಂಡು ಓಗ್ಬುಟ್ರೆ ಯಾರ್ನ ಕೇಳೀಯೆ? ದಾರನೇ ಇರ್ಲಿ ಕಣಮ್ಮಿ."

"ಅತ್ತೆ, ನನ್ಗೂ ಒಂದು ದಾರ ಕಟ್ಬುಡಿ, ತಪ್ಪಿಸ್ಕಂಡು ಓಗ್ದಂಗೆ" ಎಂದ ಅಣ್ಣ. ಅವರು ನಗಲಿಲ್ಲ. ನಮ್ಮಿಬ್ಬರಿಗೂ ಜೋಬಿನ ಬಾಯಿಗೆ ಪಿನ್ನು ಹಾಕಿಕೊಟ್ಟರು.

ಅಷ್ಟೆಲ್ಲ ಎಚ್ಚರಿಕೆ ಗುಂಪಿಗೆಂದು ಇತ್ತು. ಪ್ರದರ್ಶನದಲ್ಲಿ ನಾವು ಒಬ್ಬರನ್ನೊಬ್ಬರು ಬಿಡಲಿಲ್ಲ. ಅತ್ತಿಗೆ ಒಂದು ಕೈಯಲ್ಲಿ ಸೆರಗು, ಇನ್ನೊಂದರಲ್ಲಿ ಅಣ್ಣನ ಅಂಗಿಯ ತುದಿ ಹಿಡಿದೇ ನಡೆದರು. ಜೈಂಟ್ ವೀಲಿನಲ್ಲಿ ಅಣ್ಣ ಕಣ್ಣು ಮುಚ್ಚಿಕೊಂಡದ್ದನ್ನು ನೋಡಿ, "ಕಾಡ್ನಲ್ಲಿ ಆನೆ ಮುಂದೆ ಜೀಪ್ ಓಡ್ಸೋರು ನೋಡಪ್ಪ ಇವ್ರು" ಎಂದು ನನಗೆ ಹೇಳಿ ನಕ್ಕರು. ಮೂವರೂ ಮೆಣಸಿನಕಾಯಿ ಬಜ್ಜಿ ತಿಂದೆವು. ಯಾರ ಜೋಬಿಗೂ ಯಾರೂ ಕೈ ಹಾಕಲಿಲ್ಲ. ಗೇಟಿನಿಂದ ಹೊರಗೆ ಬಂದಾಗ ನನಗೆ ದೊಡ್ಡ ಕೆಲಸವೊಂದನ್ನು ಮುಗಿಸಿದ ಹಾಗಿತ್ತು.

ಬಸ್ ಸ್ಟ್ಯಾಂಡಿನಲ್ಲಿ ಊಟಿಯ ಬಸ್ಸು ತುಂಬಿ ಹೋಗಿತ್ತು. ಇನ್ನೊಂದು ತಡವಾಗಿ ಬರುತ್ತದೆ ಎಂದರು. ಅಣ್ಣನಿಗೆ ಕಾಯುವುದು ಆಗದು. ಆಟೋ ಮಾಡಿಕೊಂಡು ಊರಾಚೆ ನಂಜನಗೂಡಿನ ರಸ್ತೆಗೆ ಬಂದು ನಿಂತೆವು. ಬಸ್ಸಾಗಲಿ ಲಾರಿಯಾಗಲಿ, ಅಲ್ಲಿಯೇ ಹಾಯಬೇಕು ಎಂಬುದು ಅವನ ಲೆಕ್ಕ. ತುಸು ಹೊತ್ತಿಗೆ ಒಂದು ಬಿಳಿ ವ್ಯಾನು ಬಂತು. ನಾವು ಕೈ ಅಡ್ಡ ಹಾಕಿರಲಿಲ್ಲ. ಅದೇ ನಿಂತಿತು. ಮುಂದೆ ಇಬ್ಬರು, ಹಿಂದೆ ಒಬ್ಬ.

"ಎಲ್ಲಿಗಣ್ಣ, ಗುಂಡ್ಲುಪೇಟೆಗಾ? ಬನ್ನಿ, ಊಟಿಗೆ ಹೋಗ್ತಾ ಇದೀವಿ, ಗಾಡಿ ಖಾಲಿ ಅದೆ" ಎಂದ ಡ್ರೈವರ್ ಪಕ್ಕದಲ್ಲಿದ್ದವನು.

ಅತ್ತಿಗೆ ಅಣ್ಣನ ತೋಳು ಹಿಡಿದುಕೊಂಡು ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು. "ಬ್ಯಾಡ ಕನ್ರೀ. ಬಸ್ಸೇ ಬತ್ತದೆ, ಇನ್ನೊಸಿ ಕಾಯನ."

"ಗಾಡಿ ನಿಲ್ಸವ್ನೆ ಕಣಮ್ಮಿ. ಬ್ಯಾಡ ಅನ್ನಕಾದದಾ? ಓಗನ ಬಾ."

ನಾವು ಹತ್ತಿದೆವು.

ನಂಜನಗೂಡಿನವರೆಗೂ ಅಣ್ಣ ಮಾತಾಡುತ್ತಲೇ ಇದ್ದ. ಗಾಡಿಯ ಮೈಲೇಜು, ಡೀಸೆಲ್ಲು, ಘಾಟಿನ ತಿರುವು. ಊಟಿಗೆ ಯಾವ ಕಡೆಯಿಂದ ಹೋಗುತ್ತೀರಿ ಎಂದು ಕೇಳಿದ. "ಮದ್ದೂರಿನ ಮೇಲೆ" ಎಂದ ಡ್ರೈವರ್. ಮದ್ದೂರಿನ ದಾರಿ ಊಟಿಗೆ ಹೋಗುವುದಿಲ್ಲ, ಕೇರಳಕ್ಕೆ ಹೋಗುತ್ತದೆ. ಊಟಿಗೆ ಬಂಡೀಪುರದ ದಾರಿ. ನಮ್ಮ ಕಡೆಯ ಮಕ್ಕಳಿಗೂ ಅದು ಗೊತ್ತು. ಅಣ್ಣ ಜೋರಾಗಿ ನಕ್ಕ.

"ಅಲ್ಲಾ ಕಣಪ್ಪ, ಅಂಗೋದ್ರೆ ಕೇರಳದಲ್ಲಿ ಇರ್ತೀರಿ. ಪ್ಯಾಟೆ ದಾಟಿದ್ಮ್ಯಾಲೆ ನಾನೇ ತೋರುಸ್ತೀನಿ, ಬುಡು."

ದಾರಿ ಗೊತ್ತಿಲ್ಲದವನನ್ನು ಕಂಡರೆ ಅನುಮಾನ ಪಡುವುದು ನಮಗೆ ಬಾರದು. ದಾರಿ ತೋರಿಸುವುದು ಬರುತ್ತದೆ. ಆ ಮಾತಿನ ಮೇಲೆ ಅಣ್ಣ ಇನ್ನಷ್ಟು ಮುಂದಕ್ಕೆ ಬಾಗಿ, ಎಲ್ಲಿ ಹಂಪ್ ಇದೆ, ಎಲ್ಲಿ ದನ ಅಡ್ಡ ಬರುತ್ತವೆ ಎಂದೆಲ್ಲ ಹೇಳತೊಡಗಿದ. ಬೇಗೂರಿನ ದೀಪಗಳು ಕಂಡಾಗ, "ನಮ್ ತಾಲ್ಲೂಕು ಬಂತು, ಇನ್ನೇನು ಮನೆ ಬಂದಂಗೆ" ಎಂದು ಅತ್ತಿಗೆಗೆ ಹೇಳಿದ. ಅತ್ತಿಗೆ ನಿದ್ದೆ ಮಾಡಿರಲಿಲ್ಲ. ನಾನು ತೂಕಡಿಸುತ್ತಿದ್ದೆ.

ಬೇಗೂರು ದಾಟಿದ ಮೇಲೆ ವ್ಯಾನು ಎಡಕ್ಕೆ ಮಣ್ಣಿನ ದಾರಿಗೆ ಇಳಿಯಿತು. ಜೋಳದ ಹೊಲದ ಪಕ್ಕ ನಿಂತು ದೀಪ ಆರಿತು. ಹಿಂದಿದ್ದವನ ಕೈಯಲ್ಲಿ ಚಾಕು ಇತ್ತು. ನಾನು ಅದನ್ನು ನೋಡಿದೆ. ಪಿನ್ನು ಹಾಕಿದ ಜೋಬುಗಳನ್ನು ನಾವೇ ಬಿಚ್ಚಿ ಕೊಟ್ಟೆವು. ಅಣ್ಣನ ಮೊಬೈಲು, ನನ್ನ ವಾಚು ಕೊಟ್ಟೆವು. ಅಷ್ಟಕ್ಕೆ ಮುಗಿಯಬಹುದಿತ್ತು. ಆದರೆ ಅತ್ತಿಗೆಯ ಕಿವಿಯಲ್ಲಿ ಓಲೆ ಇತ್ತು, ಕಾಲಲ್ಲಿ ಕಾಲುಂಗುರ ಇತ್ತು, ಹೊಸ ಮದುವೆಯ ಸೀರೆ ಇತ್ತು. ಕತ್ತಿನಲ್ಲಿ ಸರ ಇರಲಿಲ್ಲ.

"ಸರ ಎಲ್ಲಿ ಬಚ್ಚಿಟ್ಟೆ?" ಎಂದ ಚಾಕು ಹಿಡಿದವನು.

"ಇಲ್ಲ ಕಣಣ್ಣ, ಊರಲ್ಲೇ ಬುಟ್ಟು ಬಂದಿವ್ನಿ. ನಮ್ಮವ್ವನಾಣೆ" ಎಂದರು ಅತ್ತಿಗೆ.

ಅವನು ನಂಬಲಿಲ್ಲ. ಅವರನ್ನು ಕೆಳಗಿಳಿಸಿ ಸೆರಗಿಗೆ ಕೈ ಹಾಕಿದ. ಕೊನೆಗೆ ಅರಿಶಿನದ ದಾರವನ್ನೇ ಹಿಡಿದ. ಅಣ್ಣ ಇಳಿದು ಅವನ ಕೈ ತಳ್ಳಿದ. ತಳ್ಳಿದ್ದನ್ನು ನಾನು ನೋಡಿದೆ. ಹೊಡೆದದ್ದನ್ನು ನೋಡಲಿಲ್ಲ. ಡ್ರೈವರ್ ಇಳಿದು ಅಣ್ಣನ ಹಿಂದೆ ಬಂದಿದ್ದ. ನನ್ನ ಕುತ್ತಿಗೆಯನ್ನು ಇನ್ನೊಬ್ಬ ವ್ಯಾನಿನ ಬಾಗಿಲಿಗೆ ಒತ್ತಿ ಹಿಡಿದಿದ್ದ. ನನಗೆ ಸದ್ದು ಕೇಳಿಸಿತು. ತಿರುಗಿದಾಗ ಅಣ್ಣ ಮಂಡಿಯೂರಿ ಕುಳಿತಿದ್ದ, ಡ್ರೈವರ್ ಕೈಯಲ್ಲಿ ಜಾಕಿಯ ರಾಡು ಇತ್ತು. ಪೊಲೀಸರಿಗೂ ಇದನ್ನೇ ಹೇಳಿದೆ. ಹೆಚ್ಚು ಹೇಳಲಿಲ್ಲ, ಕಡಿಮೆಯೂ ಹೇಳಲಿಲ್ಲ. ನಂಬರ್ ಪ್ಲೇಟಿಗೆ ಕೆಸರು ಮೆತ್ತಿತ್ತು.

ವ್ಯಾನು ಹೋಯಿತು. ದಾರ ಅತ್ತಿಗೆಯ ಕತ್ತಿನಲ್ಲಿ ಹಾಗೆಯೇ ಇತ್ತು.

ಅಣ್ಣನನ್ನು ಇಬ್ಬರೂ ಹಿಡಿದುಕೊಂಡು ದೊಡ್ಡ ರಸ್ತೆಗೆ ತಂದೆವು. ಅವನು ಸ್ವಲ್ಪ ದೂರ ತಾನೇ ಕಾಲೆಳೆದುಕೊಂಡು ಬಂದ, ಆಮೇಲೆ ಆಗಲಿಲ್ಲ. ಅತ್ತಿಗೆ ಸೆರಗನ್ನು ಮಡಿಸಿ ಅವನ ತಲೆಗೆ ಒತ್ತಿ ಹಿಡಿದರು. ನಾನು ಮೋರಿಯ ಪಕ್ಕ ನಿಂತು ಎರಡೂ ಕೈ ಎತ್ತಿದೆ.

ಮೊದಲು ಒಂದು ಬಸ್ಸು ಬಂತು. ಅದರ ದೀಪ ನಮ್ಮ ಮೇಲೆ ಬಿತ್ತು, ಬಸ್ಸು ನಿಧಾನವಾಯಿತು. ಕಿಟಕಿಯಲ್ಲಿ ಒಬ್ಬ ಹೆಂಗಸಿನ ಮುಖ ಕಂಡಿತು. ಅವಳು ಅಣ್ಣನನ್ನು ನೋಡಿದಳು. ಬಸ್ಸು ಹೊರಟುಹೋಯಿತು. ಆಮೇಲೆ ಒಂದು ಕಾರು, ನಿಧಾನವಾಗಿ, ಬಲಕ್ಕೆ ಸರಿದುಕೊಂಡು ಹೋಯಿತು. ಆಮೇಲೆ ಲಾರಿಗಳು. ಎಷ್ಟು ಎಂದು ನಾನು ಲೆಕ್ಕ ಇಡಲಿಲ್ಲ. ಅವರನ್ನು ಬೈಯಲಾರೆ. ರಾತ್ರಿ ರಸ್ತೆ ಬದಿಯಲ್ಲಿ ರಕ್ತ ಹಚ್ಚಿಕೊಂಡು ಮಲಗಿ, ಹೆಂಗಸನ್ನು ಕೂರಿಸಿ, ಗಾಡಿ ನಿಲ್ಲಿಸಿ ದೋಚುವವರ ಸುದ್ದಿ ನಾವೂ ಕೇಳಿದ್ದೆವು. ಅವರೂ ತಮ್ಮ ಜಾಗ್ರತೆ ನೋಡಿಕೊಂಡರು. ಆದರೆ ಗುಂಡ್ಲುಪೇಟೆಯ ಆಸ್ಪತ್ರೆ ಅಲ್ಲಿಂದ ಗಾಡಿಯಲ್ಲಿ ಸ್ವಲ್ಪ ಹೊತ್ತಿನ ದಾರಿ. ಅಣ್ಣನ ಉಸಿರಿನಲ್ಲಿ ಗೊರಗೊರ ಸದ್ದು ಶುರುವಾಗಿತ್ತು.

"ಇನ್ನೊಂದು ಬತ್ತಾ ಅದೆ, ಕೈ ಎತ್ತಪ್ಪಾ, ಕೈ ಎತ್ತು" ಎಂದು ಅತ್ತಿಗೆ ಪ್ರತಿ ಸಲವೂ ಹೇಳುತ್ತಿದ್ದರು.

ಕೊನೆಗೆ ಒಂದು ಲಾರಿ ನಮ್ಮನ್ನು ದಾಟಿ ಹೋಗಿ, ದೂರದಲ್ಲಿ ಕೆಂಪು ದೀಪ ಹತ್ತಿಸಿ ನಿಂತಿತು. ಹಾಗೆಯೇ ನಿಂತಿತ್ತು. ಆಮೇಲೆ ಹಿಂದಕ್ಕೆ ಬಂತು. ಕೇರಳದ ನಂಬರಿನ ಲಾರಿ. ಕ್ಲೀನರ್ ಒಳಗಿನಿಂದ "ವೇಂಡ, ವೇಂಡ" ಎಂದು ಡ್ರೈವರನ್ನು ತಡೆಯುತ್ತಿದ್ದ. ಬೇಡ ಎನ್ನುತ್ತಿದ್ದಾನೆ ಎಂಬಷ್ಟು ನನಗೆ ತಿಳಿಯಿತು. ಡ್ರೈವರ್ ಬಾಗಿಲು ತೆರೆದು ಕೆಳಗೆ ನೋಡಿದ.

"ಏನಾಯ್ತು? ಹತ್ತು, ಬೇಗ ಹತ್ತು."

ಆಗ ಅತ್ತಿಗೆ ಅಣ್ಣನನ್ನು ಎರಡೂ ಕೈಯಲ್ಲಿ ಅವುಚಿಕೊಂಡರು.

"ಬ್ಯಾಡ. ನಾ ಅತ್ತಲ್ಲ. ಇವ್ರೂ ಅಂಗೇ. ಬ್ಯಾಡ, ಬ್ಯಾಡ."

ಗಾಡಿ ಗಾಡಿಗೂ ಕೈ ಎತ್ತಿಸುತ್ತಿದ್ದವರು, ನಿಂತ ಗಾಡಿಯನ್ನು ಕಂಡು ಹಿಂದಕ್ಕೆ ಸರಿದರು. ಡ್ರೈವರ್ ಕಾಯುತ್ತಿದ್ದ, ಕ್ಲೀನರ್ ಬೈಯುತ್ತಿದ್ದ. ಇನ್ನೊಂದು ಗಳಿಗೆ ಹೋಗಿದ್ದರೆ ಅವನೂ ಹೊರಟುಬಿಡುತ್ತಿದ್ದ ಎಂದು ನನ್ನ ಎಣಿಕೆ.

ಅಣ್ಣನ ತುಟಿ ಅಲ್ಲಾಡಿತು. ಅತ್ತಿಗೆ ಬಾಗಿ ಕಿವಿಯಿಟ್ಟರು. ನಾನೂ ಹತ್ತಿರದಲ್ಲೇ ಇದ್ದೆ, ನನಗೂ ಕೇಳಿಸಿತು.

"ನಿಲ್ಸವ್ನೆ... ಓಗನ."

ಅತ್ತಿಗೆ ಅವನ ಮುಖವನ್ನು ನೋಡಿದರು. ಆಮೇಲೆ ಡ್ರೈವರನ್ನು ನೋಡಿದರು. ಅಣ್ಣನ ಕಂಕುಳಿಗೆ ಕೈ ಹಾಕಿ ಎತ್ತಿದರು. ಬೈಯುತ್ತಿದ್ದ ಕ್ಲೀನರ್ ತಾನೇ ಇಳಿದು ಕಾಲು ಹಿಡಿದ. ಕ್ಯಾಬಿನ್ನಿನಲ್ಲಿ ಅಣ್ಣನನ್ನು ನಮ್ಮ ಮೂವರ ತೊಡೆಯ ಮೇಲೆ ಉದ್ದಕ್ಕೆ ಮಲಗಿಸಿಕೊಂಡು ಗುಂಡ್ಲುಪೇಟೆಗೆ ಬಂದೆವು. ಆಸ್ಪತ್ರೆಯ ಬಾಗಿಲಲ್ಲಿ, ಯಾಕೆ ನಿಲ್ಲಿಸಿದಿರಿ ಎಂದು ನಾನು ಡ್ರೈವರನ್ನು ಕೇಳಿದೆ. ಅದು ಕೇಳುವ ಹೊತ್ತಾಗಿರಲಿಲ್ಲ, ಆದರೂ ಕೇಳಿದೆ.

"ದಿನಾ ನಿಮ್ಮ ಕಾಡಲ್ಲೇ ಬರೋದು ನಾನು. ಆಳು ನಿಂತ್ರೆ ಬಿಟ್ಟು ಹೋಗೋದು ಹೇಗೆ?" ಎಂದ.

ಅಲ್ಲಿಂದ ಅಣ್ಣನನ್ನು ಮತ್ತೆ ಮೈಸೂರಿಗೇ ಕಳಿಸಿದರು. ಅದೇ ರಸ್ತೆ, ಅದೇ ಮೋರಿ. ಆ ವಾರ ಮುಗಿಯುವುದರೊಳಗೆ ಅಣ್ಣ ತೀರಿಕೊಂಡ. ಮೊದಲ ಬಸ್ಸು ನಿಲ್ಲಿಸಿದ್ದರೆ ಉಳಿಯುತ್ತಿದ್ದನೇ ಎಂದು ಅತ್ತಿಗೆ ಡಾಕ್ಟರನ್ನು ಒಮ್ಮೆ ಕೇಳಿದರು. ಅವರು ಹೇಳಲಾಗದು ಎಂದರು. ಅತ್ತಿಗೆ ಮತ್ತೆ ಯಾರನ್ನೂ ಕೇಳಲಿಲ್ಲ. ಕೊನೆಗೆ ಆ ಅರಿಶಿನದ ದಾರವನ್ನು ನಮ್ಮ ಊರಿನ ಕೆರೆಯ ಬಳಿ ಹೆಂಗಸರು ಬಿಚ್ಚಿದರು. ಸರವನ್ನು ಅತ್ತಿಗೆಯ ತಾಯಿ ಪೆಟ್ಟಿಗೆಯಿಂದ ಹೊರಗೆ ತೆಗೆಯಲೇ ಇಲ್ಲ ಎಂದು ಕೇಳಿದ್ದೇನೆ.

ಮದ್ದೂರು ರಸ್ತೆಯ ಜೀಪಿನವರು ಕೆಲವು ದಿನ ಕತ್ತಲಾದ ಮೇಲೆ ಯಾರನ್ನೂ ಹತ್ತಿಸಿಕೊಳ್ಳಲಿಲ್ಲ. ಆಮೇಲೆ ಮತ್ತೆ ಹತ್ತಿಸಿಕೊಂಡರು. ಈಗ ರಾತ್ರಿ ಕಾಡಿನ ರಸ್ತೆಗೆ ಗೇಟು ಹಾಕುತ್ತಾರೆ. ಮಗಳು ಮೈಸೂರಿಗೆ ಹೋಗುತ್ತಾಳೆ, ಏನಾದರೂ ಬುದ್ಧಿ ಹೇಳು ಎಂದು ನೆಂಟರು ನನ್ನನ್ನು ಕೇಳುತ್ತಾರೆ. ಗುಂಪಿನಲ್ಲಿ ಜೋಬು ನೋಡಿಕೋ, ಬಸ್ ಸ್ಟ್ಯಾಂಡಿನಲ್ಲೇ ಕಾಯು, ಎಷ್ಟು ತಡವಾದರೂ ಸರಿ ಬಸ್ಸಿಗೇ ಹತ್ತು ಎನ್ನುತ್ತೇನೆ. ಗಾಡಿ ಓಡಿಸುವ ಹುಡುಗರು ಕೇಳಿದರೆ, ರಸ್ತೆ ಬದಿಯಲ್ಲಿ ಕೈ ಎತ್ತಿದವರಿಗೆ ನಿಲ್ಲಿಸಿ ಎನ್ನಲೂ ಆಗುವುದಿಲ್ಲ, ನಿಲ್ಲಿಸಬೇಡಿ ಎನ್ನಲೂ ಆಗುವುದಿಲ್ಲ.

ಆ ರಾತ್ರಿ ನಡೆದದ್ದನ್ನು ನೋಡಿದವರಲ್ಲಿ ಇನ್ನೂ ಇರುವವರನ್ನು ಹೇಳಿ ನಿಲ್ಲಿಸುತ್ತೇನೆ. ಅತ್ತಿಗೆ ಇದ್ದಾರೆ, ಚಾಮರಾಜನಗರದಲ್ಲಿ ತಾಯಿಯ ಮನೆಯಲ್ಲಿ ಹೊಲಿಗೆ ಹಾಕುತ್ತಾರೆ. ಲಾರಿಯ ಡ್ರೈವರ್ ತೀರಿಹೋದರು. ಬೇಡ ಬೇಡ ಎಂದ ಕ್ಲೀನರ್ ಈಗ ಅದೇ ದಾರಿಯಲ್ಲಿ ತಾನೇ ಲಾರಿ ಓಡಿಸುತ್ತಾನೆ. ಗುಂಡ್ಲುಪೇಟೆಯಲ್ಲಿ ಟೀಗೆ ಇಳಿದಾಗ ನನ್ನನ್ನು ಗುರುತು ಹಿಡಿದು ತಲೆಯಾಡಿಸುತ್ತಾನೆ. ಬಸ್ಸಿನ ಕಿಟಕಿಯಲ್ಲಿ ಕಂಡ ಹೆಂಗಸು ಎಲ್ಲೋ ಇರಬಹುದು. ವ್ಯಾನಿನ ಮೂವರು ಸಿಗಲಿಲ್ಲ. ಆಗ ಅವರು ನನ್ನದೇ ವಯಸ್ಸಿನವರು. ನಾನು ಬದುಕಿದ್ದೇನೆ, ಅವರೂ ಬದುಕಿದ್ದಾರೆ ಎಂದೇ ತಿಳಿದಿದ್ದೇನೆ.