ಕೊನೆಯ ಮೊಳೆಯ ಪಾಸ್‌ವರ್ಡ್

ಮಲ್ಲಂದೂರಿನ ಕಡೆ ಎಸ್ಟೇಟುಗಳಲ್ಲಿ ರೈಟರ್ ಅಂದರೆ ಗಂಡಸೇ ಆಗಿರುತ್ತಿದ್ದ ಕಾಲದಲ್ಲಿ ವಸಂತಮ್ಮ ರೈಟರ್ ಆದವಳು. ನರ್ಸರಿಯಲ್ಲಿ ಸಸಿಗಳಿಗೆ ಮಣ್ಣು ತುಂಬುತ್ತಿದ್ದವಳು, ಎಸ್ಸೆಸ್ಸೆಲ್ಸಿ ಪಾಸಾದ ಬಲದಿಂದ ಆಳುಗಳ ಹಾಜರಿ ಬರೆಯಲು ಕೂತಳು. ಎರಡು ಸಾವಿರದ ನಾಲ್ಕರಲ್ಲಿ ಆಫೀಸಿಗೆ ಕಂಪ್ಯೂಟರ್ ಬಂದಾಗ ಆರು ಭಾನುವಾರ ಬಸ್ಸು ಹತ್ತಿ ಚಿಕ್ಕಮಗಳೂರಿಗೆ ಹೋಗಿ ಇಮೇಲ್ ಕಲಿತು ಬಂದಳು.

ಆಫೀಸಿನ ಗೋಡೆಗೊಂದು ಹಲಗೆ. ಹಲಗೆಯ ತುಂಬ ಮೊಳೆ, ಮೊಳೆಗೊಂದು ಬೀಗದಕೈ, ಬೀಗದಕೈಗೊಂದು ಮರದ ಬಿಲ್ಲೆ. ಗೋಡೌನಿನದು, ಪಂಪ್‌ಹೌಸಿನದು, ಎಲ್ಲವೂ ಅಲ್ಲೇ. ಬೀಗದಕೈ ಯಾರ ಜೇಬಿಗೂ ಹೋಗಕೂಡದು ಎನ್ನುವುದು ಧಣಿ ಚನ್ನಕೇಶವ ಗೌಡರ ತಂದೆ ಮಾಡಿಟ್ಟ ಕಟ್ಟಳೆ. ಇಮೇಲಿನ ಪಾಸ್‌ವರ್ಡೂ ಬೀಗದಕೈ ತಾನೇ? ಗೌಡರು ಅದನ್ನೂ ಬಿಲ್ಲೆಯ ಮೇಲೆ ಬರೆಸಿ ಕೊನೆಯ ಮೊಳೆಗೆ ತೂಗುಹಾಕಿಸಿದರು.

“ಬೇಡಿ ಗೌಡ್ರೇ. ಬೀಗದಕೈ ಕದ್ರೆ ಮೊಳೆ ಖಾಲಿ ಕಾಣತ್ತೆ. ಇದನ್ನ ಓದ್ಕೊಂಡು ಹೋದ್ರೆ ಗೊತ್ತೇ ಆಗಲ್ಲ.”

“ಇಲ್ಲಿಗೆ ಬರೋರೆಲ್ಲ ನಮ್ಮೋರೇ ಬಿಡಮ್ಮ.”

ಗೊಬ್ಬರದವರು, ಲಾರಿಯವರು, ದಲ್ಲಾಳಿಗಳು ಆ ಹಲಗೆಯ ಎದುರೇ ಕೂತು ಕಾಫಿ ಕುಡಿದು ಹೋಗುತ್ತಿದ್ದರು.

ಮರುವರ್ಷ ಜೂನಿನ ಒಂದು ಬೆಳಿಗ್ಗೆ ಮಂಗಳೂರಿನ ಕಾಫಿ ವ್ಯಾಪಾರಿಯ ಫೋನು ಬಂತು. ರಿಸೀವರ್ ಕುಕ್ಕಿದ ಗೌಡರು ನೇರ ಅಂಗಳಕ್ಕೆ ಬಂದರು. ತೊಂಬತ್ತು ಆಳುಗಳ ಎದುರು ವಸಂತಮ್ಮ ಹಾಜರಿ ಕೂಗುತ್ತಿದ್ದಳು.

“ಮಂಗಳೂರಿನ ವ್ಯಾಪಾರೀನೇ ತೂಕದ ಕಳ್ಳ ಅಂತ ಅವರಿಗೇ ಇಮೇಲ್ ಬರ್ದಿದೀಯಾ? ಕೆಳಗೆ ನಿನ್ನದೇ ಹೆಸರು! ನಾಳೆಯಿಂದ ಬರ್ಬೇಡ!”

ಅವಳ ಕಿವಿ ಕಾದ ಹೆಂಚಾಯಿತು. ಅಳು ಬರಲಿಲ್ಲ. ಹಾಜರಿ ಪುಸ್ತಕ ಮಡಚಿ ಆಫೀಸಿಗೆ ಹೋಗಿ ಇಮೇಲ್ ತೆರೆದಳು. ವ್ಯಾಪಾರಿಗೆ ಹೋದ ಇಮೇಲೇನೋ ಅಲ್ಲಿತ್ತು. ಕಳಿಸಿದ್ದು ಸೋಮವಾರ, ಬೆಳಿಗ್ಗೆ ಹನ್ನೊಂದಕ್ಕೆ. ವಸಂತಮ್ಮ ಬಿರುಗಾಳಿಯಂತೆ ಅಂಗಳಕ್ಕೆ ವಾಪಸಾದಳು.

“ಸೋಮವಾರ ಮರ ಬಿದ್ದು ಫೋನ್ ಲೈನ್ ಸತ್ತಿತ್ತಲ್ಲ ಗೌಡ್ರೇ? ನೀವೇ ಜೀಪಲ್ಲಿ ಮಲ್ಲಂದೂರಿಗೆ ಹೋಗಿ ಫೋನ್ ಮಾಡಿ ಬಂದ್ರಿ. ಲೈನ್ ಇಲ್ದೆ ಇಲ್ಲಿಂದ ಇಮೇಲ್ ಹೋಗತ್ತಾ? ನಾನು ದಿನವಿಡೀ ತೋಟ ಬಿಟ್ಟು ಕದಲಿಲ್ಲ, ಈ ತೊಂಬತ್ತು ಜನ ಸಾಕ್ಷಿ!”

“ಹೌದೌದು,” ಎಂದಳು ಆಳು ದ್ಯಾವಮ್ಮ. “ಅವತ್ತು ಗೌಡ್ರು ಲೈನ್‌ಮ್ಯಾನಿಗೆ ಬೈದಿದ್ದು ಕೆಳಗಿನ ಹಳ್ಳದವರೆಗೂ ಕೇಳ್ತು.”

ಗೌಡರ ದನಿ ತಗ್ಗಿತು. “ಹಂಗಾದ್ರೆ ಯಾರು ಮಾರಾಯ್ತಿ?”

“ವರ್ಷದಿಂದ ಆ ಹಲಗೆ ಎದುರು ಕಾಫಿ ಕುಡಿದೋರಲ್ಲಿ ಯಾರೋ! ಪೇಟೇಲಿ ಕೂತು ನಮ್ಮ ಬಾಗಿಲು ತೆಗ್ದಿದಾನೆ. ಬೀಗದಕೈ ಬೀದಿಗಿಟ್ಟೋರು ನೀವು, ಕಳ್ಳಿ ನಾನಾ?”

“ಒಳಗೆ ಬಾ, ಮಾತಾಡಣ.”

“ಇಲ್ಲೇ ಅಂದಿದ್ದು, ಇಲ್ಲೇ ವಾಪಸ್ ತಗೊಳ್ಳಿ.”

ಗೌಡರು ನೆಲ ನೋಡಿದರು, ಆಕಾಶ ನೋಡಿದರು. “ವಸಂತಮ್ಮಂದು ತಪ್ಪಿಲ್ಲ. ಮಂಗಳೂರಿಗೂ ನಾನೇ ಹೇಳ್ತೀನಿ,” ಎಂದರು.

ಅವಳು ಕೊನೆಯ ಮೊಳೆಯ ಬಿಲ್ಲೆ ಕಿತ್ತು ಬಚ್ಚಲೊಲೆಗೆ ಎಸೆದಳು. ಪಾಸ್‌ವರ್ಡ್ ಬದಲಿಸಿ ಗೌಡರೊಬ್ಬರಿಗೇ ಮೆಲ್ಲಗೆ ಹೇಳಿದಳು. ಅವರ ಕೈ ಪೆನ್ನಿಗೆ ಹೋಯಿತು.

“ಪೆನ್ನು ಒಳಗಿಡಿ!”

“ಮರ್ತೋದ್ರೆ?”

“ಇನ್ನೂರು ಎಕರೆಯ ಗಡಿಕಲ್ಲೆಲ್ಲ ನೆನಪಿದೆ ನಿಮಗೆ. ಎಂಟಕ್ಷರ ನೆನಪಿರಲ್ವಾ?”

ಗೌಡರು ಕಾಫಿ ತರಿಸಿ ಅವಳ ಮೇಜಿನ ಮೇಲಿಡಿಸಿದರು. ಸಂಜೆ ಅವಳು ಎದ್ದುಹೋದಾಗಲೂ ಲೋಟ ತುಂಬಿಯೇ ಇತ್ತು, ಮೇಲೆ ಕೆನೆ ಕಟ್ಟಿಕೊಂಡು.