ಅಡುಗೆಮನೆಯ ಹೊರಗೆ ಅಚ್ಚಾದ ಕರಪತ್ರ

ಮೊನ್ನೆ ಮಗಳು ಶಾಲೆಯಲ್ಲಿ ಲಿನೋ ಎಂಬ ರಬ್ಬರಿನಂಥ ದಪ್ಪ ಹಾಳೆ ಕೆತ್ತಿ, ಅಚ್ಚು ಹಾಕಿ ಮನೆಗೆ ಬಂದಳು. ಕೈ ತೊಳೆದಿದ್ದರೂ ಬೆರಳ ಸಂದಿಯಲ್ಲಿ ಕಪ್ಪು ಇಂಕು, ಎಣ್ಣೆ ಬೆರೆತ ಅದೇ ಘಾಟು ವಾಸನೆ. "ಅಮ್ಮಾ, ಇಟ್ ಸ್ಟಿಂಕ್ಸ್" ಎಂದಳು. ನನಗೆ ಆಮ್‌ಸ್ಟರ್‌ಡ್ಯಾಮ್ ಪಕ್ಕದ ಹಾರ್ಲೆಮ್‌ನ ನಮ್ಮ ಹಳೆಯ ಫ್ಲಾಟಿನ ಎದುರುಮನೆ ಅಕ್ಕನ ಅಡುಗೆಮನೆ ಕಣ್ಣಮುಂದೆ ಬಂತು. ಅದರ ಬೆನ್ನಿಗೇ ಸಿಟ್ಟೂ ಬಂತು. ಇಷ್ಟು ವರ್ಷವಾದರೂ ಆರದ ಸಿಟ್ಟು.

ಅಕ್ಕ ಧಾರವಾಡದ ಕಡೆಯವರು. ಇಲ್ಲಿನ ಯೂನಿವರ್ಸಿಟಿಯೊಂದರಲ್ಲಿ ಸಂಶೋಧನೆ ಮಾಡುತ್ತಿದ್ದರು. ವಿಷಯ, ಹದಿನೇಳನೇ ಶತಮಾನದ ಇಂಗ್ಲೆಂಡಿನ ಕರಪತ್ರಗಳು. ರಾಜನನ್ನೋ ಬಿಷಪ್ಪರನ್ನೋ ಬೈದು ಅಲ್ಲಿ ಅಚ್ಚು ಹಾಕಿ ಸಿಕ್ಕಿಬಿದ್ದರೆ ಕಿವಿ ಕತ್ತರಿಸುವುದೂ ಇತ್ತಂತೆ. ಅದಕ್ಕೇ ಎಷ್ಟೋ ಕರಪತ್ರಗಳು ಇಲ್ಲಿ, ಆಮ್‌ಸ್ಟರ್‌ಡ್ಯಾಮಿನಲ್ಲಿ, ಲೈಡನ್ನಿನಲ್ಲಿ ಅಚ್ಚಾಗಿ, ಹಡಗಿನ ಸರಕಿನ ನಡುವೆ ಅಡಗಿ ಸಮುದ್ರ ದಾಟುತ್ತಿದ್ದವು. ಬರೆದವರ ಹೆಸರು ಇರುತ್ತಿರಲಿಲ್ಲ, ಅಚ್ಚಾದ ಊರಿನ ಹೆಸರೂ ಸುಳ್ಳು.

"ಎಷ್ಟೋ ಸಲ ಬರದಾಂವ ಆರಾಮ ಮನ್ಯಾಗ ಕುಂತಿರ್ತಿದ್ದ. ಬೀದ್ಯಾಗ ನಿಂತು ಮಾರೋ ಬಡ ಹೆಂಗಸರು ಜೇಲಿಗೆ ಹೋಗ್ತಿದ್ರು. ಅವರ ಬಗ್ಗೆ ಯಾರೂ ಬರಿಯೂದಿಲ್ಲ, ನಾ ಬರೀತೀನಿ" ಎಂದು ಚಹಾದ ಲೋಟವನ್ನು ಮೇಜಿಗೆ ಕುಕ್ಕಿ ಹೇಳುತ್ತಿದ್ದರು.

ದೇಶದ ದಕ್ಷಿಣ ತುದಿಯ ಮಾಸ್ಟ್ರಿಕ್ಟ್‌ನಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳು ಹಬ್ಬಕ್ಕೆಂದು ಅಕ್ಕನ ಮನೆಗೆ ಬರುತ್ತಿದ್ದಳು. ಒಂದು ವರ್ಷ ನಮ್ಮ ಕನ್ನಡ ಬಳಗದ ಗಣೇಶನ ಹಬ್ಬಕ್ಕೆ ಅವಳು ಮಾಡಿದ ಬಿಸಿಬೇಳೆಬಾತನ್ನು ಎಲ್ಲರೂ ಚಪ್ಪರಿಸಿಕೊಂಡು ತಿಂದರು. ಆಮೇಲೆ ಯಾರೋ ಅವಳ ಮನೆತನದ ಹೆಸರು ಕೆದಕಿದರು, ಊರು ಕೇರಿ ವಿಚಾರಿಸಿದರು. ಮರುವರ್ಷ ಹಬ್ಬದ ವಾರ ಬಳಗದ ಕಾರ್ಯದರ್ಶಿಯಿಂದ ವಾಟ್ಸಾಪ್ ಸಂದೇಶ ಬಂತು: ನೈವೇದ್ಯದ ಅಡುಗೆಯನ್ನು ಇನ್ನು ಮುಂದೆ ಮಡಿ ಗೊತ್ತಿರುವ ಮನೆಯವರೇ ಮಾಡತಕ್ಕದ್ದು. ಹುಡುಗಿಗೆ ಬಾಗಿಲಲ್ಲಿ ನಿಂತು ಚಪ್ಪಲಿ ಜೋಡಿಸುವ ಕೆಲಸ. ಆಮ್‌ಸ್ಟರ್‌ಡ್ಯಾಮಿನ ದೊಡ್ಡ ಕಂಪನಿಗಳ ಬಡಾವಣೆ ಜೈಡಾಸ್‌ನ ಗಾಜಿನ ಕಟ್ಟಡಗಳಲ್ಲಿ ಕೂತು ಡೈವರ್ಸಿಟಿ ಬಗ್ಗೆ ಸ್ಲೈಡು ತೋರಿಸುವ ಜನ ಇವರು. ಥೂ.

ಅಕ್ಕ ಅವತ್ತೇ ಲಿನೋ ಹಾಳೆ ತಂದರು. ಅಕ್ಷರಗಳನ್ನು ಉಲ್ಟಾ ಕೆತ್ತಿ, ಇಂಕು ಬಳಿದು, ಚಪಾತಿ ಲಟ್ಟಣಿಗೆಯಿಂದ ಒತ್ತಿ ಒತ್ತಿ ಅಚ್ಚು ತೆಗೆದರು. ಅಂಗೈಯಗಲದ ಹಾಳೆ, ಹೆಸರಿಲ್ಲ. "ಹೋದ ವರ್ಷ ಎರಡೆರಡು ಸಲ ಬಡಿಸಿಕೊಂಡವರೇ, ಆಗ ಕೆಡದ ಮಡಿ ಈಗ ಹೇಗೆ ಕೆಟ್ಟಿತು?" ಕೆಳಗೆ ಸಣ್ಣದಾಗಿ, "ಅಚ್ಚಾದದ್ದು: ಅಡುಗೆಮನೆಯ ಹೊರಗೆ". ಹಬ್ಬದ ದಿನ ಹುಡುಗಿ ಮಂಗಳಾರತಿಗೆಂದು ಒಳಗೆ ಬಂದಾಗ, ಅಕ್ಕ ಸದ್ದಿಲ್ಲದೆ ಹೊರಗೆ ಹೋಗಿ ಒಂದೊಂದು ಜೋಡಿ ಚಪ್ಪಲಿಗೂ ಒಂದೊಂದು ಹಾಳೆ ತುರುಕಿದರು.

ಊಟ ಮುಗಿಸಿ ಹೊರಟವರ ಕಾಲಿಗೆ ಕಾಗದ ತಗುಲಿತು. ಓದಿದವರ ಮುಖ ಕೆಂಪಾಯಿತು. ಕಾರ್ಯದರ್ಶಿ ನೇರವಾಗಿ ಹುಡುಗಿಯ ಹತ್ತಿರ ಹೋದ. "ಬಾಗ್ಲ ಹತ್ರ ಇದ್ದಿದ್ದು ನೀನೊಬ್ಳೇ. ಯೂನಿವರ್ಸಿಟಿಗೆ ಮೇಲ್ ಹಾಕ್ತೀನಿ, ಇಲ್ಲಿರೋಕೆ ನಿನ್ ಪರ್ಮಿಟ್ ಏನಾಗುತ್ತೆ ನೋಡ್ಕೋ." ಅವಳಿಗೆ ಏನೂ ಗೊತ್ತಿರಲಿಲ್ಲ.

ನಾನು ಅಕ್ಕನ ಮುಖ ನೋಡಿದೆ... ಇಷ್ಟು ವರ್ಷ ಅವರು ಓದಿದ್ದೇ ಅದು, ಬರೆದವರು ಮರೆಯಲ್ಲಿ, ಪೆಟ್ಟು ಬೀದಿಯಲ್ಲಿ ನಿಂತವರಿಗೆ. ಅದನ್ನೇ ತಾವೂ ಮಾಡಿಬಿಟ್ಟಿದ್ದರು. ಚಪ್ಪಲಿಗಳ ಹತ್ತಿರ ಯಾರನ್ನು ನಿಲ್ಲಿಸಿದ್ದಾರೆಂದು ಗೊತ್ತಿದ್ದೂ, ಅನುಮಾನ ಯಾರ ಮೇಲೆ ಬೀಳುತ್ತದೆಂದು ಸಿಟ್ಟಿನ ಭರದಲ್ಲಿ ಯೋಚಿಸಿರಲಿಲ್ಲ. ಜನರ ನಡುವೆ ನುಗ್ಗಿ ಹೋಗಿ ಹುಡುಗಿಯ ಮುಂದೆ ನಿಂತರು.

"ಆಕೀನ್ನ ಬಿಡ್ರಿ. ಬರದಾಕಿ ನಾನು, ಅಚ್ಚ ಹಾಕ್ದಾಕಿ ನಾನು, ಇಟ್ಟಾಕಿನೂ ನಾನು. ಮೇಲ್ ಹಾಕೂದಿದ್ರ ನನ್ನ ಹೆಸರು ಹಾಕ್ರಿ."

ಹುಡುಗಿಯ ತಂಟೆಗೆ ಆಮೇಲೆ ಯಾರೂ ಹೋಗಲಿಲ್ಲ. ಅಕ್ಕನನ್ನು ಗುಂಪಿನಿಂದ ತೆಗೆದುಹಾಕಿದರು. ಅಂಗಡಿಯಲ್ಲಿ ಎದುರಾದರೆ ಮುಖ ತಿರುಗಿಸಿದರು. ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದಾಗ ಬಳಗದವರು ನೋಡಲು ಸಹ ಬರಲಿಲ್ಲ. ಓದು ಮುಗಿಸಿ ಮಾಸ್ಟ್ರಿಕ್ಟ್‌ನಲ್ಲೇ ಕೆಲಸ ಹಿಡಿದಿದ್ದ ಆ ಹುಡುಗಿ ಮಾತ್ರ ವಾರವಾರವೂ ರೈಲು ಹತ್ತಿ ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಹೋದ ಚಳಿಗಾಲದಲ್ಲಿ ಅಕ್ಕ ಹೋಗಿಬಿಟ್ಟರು... ಬರೆಯುತ್ತೇನೆಂದಿದ್ದ ಆ ಹೆಂಗಸರ ಪುಸ್ತಕ ಅರ್ಧಕ್ಕೇ ನಿಂತಿತು.

ಈ ವರ್ಷ ಹಬ್ಬಕ್ಕೆ ಅದೇ ಕಾರ್ಯದರ್ಶಿಯ ಸಂದೇಶ: ಊಟಕ್ಕೆ ಮೊದಲು ನಮ್ಮ ಹೆಮ್ಮೆಯ ವಿದುಷಿಗೆ ಒಂದು ನಿಮಿಷದ ಮೌನ. ಓದಿ ಮೈಯೆಲ್ಲ ಉರಿದುಹೋಯಿತು. ಆದರೂ ನಿನ್ನೆ ಹೋದೆ. ಅಕ್ಕನ ಫೋಟೋಗೆ ಹಾರ ಹಾಕಿದ್ದರು. ಎಲ್ಲರೂ ಎದ್ದು ತಲೆ ತಗ್ಗಿಸಿ ನಿಂತರು. ನಿಮಿಷ ಮುಗಿದ ಕೂಡಲೇ ಗಟ್ಟಿಯಾಗಿ ಕೇಳಿದೆ, "ಇವತ್ತು ಅಡುಗೆ ಯಾರು ಮಾಡಿದ್ದು? ಆ ರೂಲ್ ತೆಗೆದ್ರಾ?"

"ಈಗ್ಯಾಕೆ ಅದೆಲ್ಲ ಮೇಡಂ, ಊಟ ಆರ್ಹೋಗುತ್ತೆ, ಕೂತ್ಕೊಳ್ಳಿ" ಎಂದ ಕಾರ್ಯದರ್ಶಿ.

ಎಲ್ಲರೂ ಕೂತರು. ಇಂಥ ಹೊತ್ತಿನಲ್ಲಿ ಎದ್ದು ಬರುತ್ತಿದ್ದವರು ಅಕ್ಕ ಒಬ್ಬರೇ. ಅವರಿಲ್ಲ. ನಾನೊಬ್ಬಳೇ ನಿಂತಿದ್ದೆ.