ಅಕ್ಕನ ಬಿಗಿದ ಕೈ

ಅಕ್ಕನ ಮಗಳ ವೀಳ್ಯಶಾಸ್ತ್ರದ ಹಿಂದಿನ ದಿನ ಚನ್ನರಾಯಪಟ್ಟಣದ ಅವಳ ಮನೆಗೆ ಬಳೆಗಾರ್ತಿಯನ್ನು ಕರೆಸಿದ್ದರು. ಮನೆಯ ಹೆಂಗಸರೆಲ್ಲ ಹಸಿರು ಗಾಜಿನ ಬಳೆ ತೊಡಿಸಿಕೊಳ್ಳಬೇಕು. ಬಳೆಗಾರ್ತಿ ಅಕ್ಕನ ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಿಸಿ, ಗೆಣ್ಣುಗಳನ್ನು ಒತ್ತಿ ಕೈಯನ್ನು ಕಿರಿದು ಮಾಡಲು ನೋಡಿದಳು. ಕೈ ಮಡಿಯಲಿಲ್ಲ. ಸೋಪು ಹಚ್ಚಿದಳು, ಎಣ್ಣೆ ಸವರಿದಳು. ಬಳೆ ಪಟ್ಟೆಂದಿತು. "ಎಚ್ಚಿತು ಬುಡವ್ವ" ಎಂದಳು. ಬಳೆ ಒಡೆಯಿತು ಅನ್ನುವ ಮಾತು ನಮ್ಮಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ, ಹೆಚ್ಚಿತು ಅನ್ನುತ್ತೇವೆ. ಗಂಟಿನಿಂದ ದೊಡ್ಡ ಅಳತೆಯದನ್ನು ಹುಡುಕುತ್ತಾ, "ಕಾಯಿ ಸುಲ್ದೂ ಸುಲ್ದೂ ಕೈ ಮರ ಆಗೋಗದೆ ಕಣವ್ವ" ಎಂದಳು. ಕೂತವರೆಲ್ಲ ನಕ್ಕರು, ಅಕ್ಕನೂ ನಕ್ಕಳು. ಕೊಬ್ಬರಿ ವ್ಯಾಪಾರದ ಮನೆ. ಅಲ್ಲಿ ಗಡಸು ಕೈಗೆ ಬೇರೆ ಕಾರಣವನ್ನು ಯಾರು ಹುಡುಕುತ್ತಾರೆ?

ನನಗೆ ನಗು ಬರಲಿಲ್ಲ. ಕಾಯಿ ಸುಲಿದರೆ ಅಂಗೈ ಜಡ್ಡುಗಟ್ಟಬೇಕು. ಅಕ್ಕನಿಗೆ ಬಿಗಿದಿದ್ದುದು ಬೆರಳುಗಳ ಬೆನ್ನು. ಅದು ಕಣ್ಣಿಗೆ ಬಿದ್ದ ಮೇಲೆ ಒಂದು ಕಡೆ ಕೂರಲು ಆಗಲಿಲ್ಲ. ಅಡುಗೆಮನೆಗೂ ಹಜಾರಕ್ಕೂ ಸುಮ್ಮನೆ ಓಡಾಡಿದೆ.

ನಾನು ಹೊಳೆನರಸೀಪುರದಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವಳು. ಸಂಯೋಜಕ ಅಂಗಾಂಶದ ಪಾಠ ಬಂದಾಗ ಮೊದಲು ಒಂದು ಆಟ ಆಡಿಸುತ್ತೇನೆ. ಅಂಗೈ ಹಿಂಬದಿಯ ಚರ್ಮವನ್ನು ಚಿವುಟಿ ಎಳೆಯಿರಿ, ಬಿಡಿ. ಎಳೆದಾಗ ಹರಿಯದಂತೆ ಹಿಡಿದದ್ದು ಕೊಲಾಜೆನ್ ಎಳೆ, ಬಿಟ್ಟಾಗ ವಾಪಸ್ ಕರೆದುಕೊಂಡದ್ದು ಎಲಾಸ್ಟಿನ್ ಎಳೆ. ಈ ಎಳೆಗಳನ್ನು ನೂಲುವ ಕೋಶ ಫೈಬ್ರೊಬ್ಲಾಸ್ಟ್. ಚರ್ಮದ ಕೆಳಗೆ ಅದು ಸಡಿಲವಾಗಿ ಹೆಣೆಯುತ್ತದೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಕಡೆ ಹಗ್ಗದ ಹಾಗೆ ಒತ್ತೊತ್ತಾಗಿ. ಮೂಳೆ, ಮೃದ್ವಸ್ಥಿ, ಕೊಬ್ಬು, ಹರಿಯುವ ರಕ್ತ ಕೂಡ ಇದೇ ಕುಲದ್ದು ಅಂದರೆ ಮಕ್ಕಳು ನಂಬುವುದೇ ಇಲ್ಲ.

ಅಕ್ಕನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ ಅವಳ ಕೈ ಚಿವುಟಿದೆ. ಚಿವುಟಲು ಚರ್ಮವೇ ಸಿಗಲಿಲ್ಲ. "ಏನೇ ಇದು, ಚಿಕ್ ಮಕ್ಳಂಗೆ" ಎಂದು ಕೈ ಕಿತ್ತುಕೊಂಡು ಅಕ್ಕಿ ತೊಳೆಯಲು ಕೂತಳು. ತಣ್ಣೀರು ತಾಗಿದ್ದೇ ತಡ ಬೆರಳುಗಳು ಸುಣ್ಣದ ಹಾಗೆ ಬಿಳುಚಿಕೊಂಡವು, ಆಮೇಲೆ ನೀಲಿಗೆ ತಿರುಗಿದವು. ಅವಳ ಮುಖ ನೋಡಿದೆ. ವಯಸ್ಸಾದರೂ ಒಂದು ಗೆರೆ ಇಲ್ಲ ಎಂದು ಇಡೀ ಬೀದಿ ಹೊಗಳುತ್ತಿದ್ದ ಮುಖವೂ ಕೈಯಂತೆಯೇ ಬಿಗಿದಿತ್ತು.

ಸೀರೆ ತೆಗೆಯುವ ನೆಪ ಹೇಳಿ ಮುಂದಿನ ವಾರ ಅವಳನ್ನು ಹಾಸನಕ್ಕೆ ಕರೆದುಕೊಂಡು ಹೋದೆ. ಬಸ್ಸು ಇಳಿದು ಸೀದಾ ಡಾಕ್ಟರ ಹತ್ತಿರ ನುಗ್ಗಿಸಿದಾಗ ಬೈದಳು. ಡಾಕ್ಟರು ಬೆರಳು ನೋಡಿದರು, ಬಾಯಿ ಅಗಲಿಸಲು ಹೇಳಿದರು, ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ದೇಹವನ್ನು ಕಾಯಬೇಕಾದ ಕೋಶಗಳೇ ಕೆರಳಿ ಫೈಬ್ರೊಬ್ಲಾಸ್ಟ್‌ಗಳನ್ನು ಉಸಿರು ಬಿಡದಂತೆ ದುಡಿಸುತ್ತಿವೆ, ಕೊಲಾಜೆನ್ ಬೇಡದ ಕಡೆಯೆಲ್ಲ ತುಂಬಿಕೊಳ್ಳುತ್ತಿದೆ ಎಂದರು. ಶ್ವಾಸಕೋಶಕ್ಕೂ ಇಳಿದಿರಬಹುದು, ಸ್ಕ್ಯಾನ್ ಮಾಡಿಸಿ ಔಷಧಿ ಶುರು ಮಾಡಬೇಕು, ತಡ ಮಾಡಬೇಡಿ ಎಂದರು. ಅಕ್ಕ ಎದ್ದು ನಿಂತಳು. "ಕಾರ್ತೀಕದಲ್ಲಿ ಮಗ್ಳ ಮದ್ವೆ ಅದೆ ಸಾ. ಮುಗುಸ್ಕಂಡ್ ಬತ್ತೀನಿ."

ಹೊರಗೆ ಬಂದು ಜಗಳ ಆಡಿದೆ. ಬಸ್ ಸ್ಟ್ಯಾಂಡಿನಲ್ಲಿ ಜನ ನೋಡುತ್ತಿದ್ದರೂ ಆಡಿದೆ. "ನಿಂಗೇನು ತಲೆ ಕೆಟ್ಟಿದೆಯಾ ಅಕ್ಕಾ? ಮದುವೆಗೆ ನೀನೇ ಇಲ್ಲದಿದ್ದರೆ?"

"ಚರ್ಮದ ಕಾಯ್ಲೆ ಅಂದ್ರೆ ಜನ ಏನಂತಾರೆ ಗೊತ್ತಾ? ಕುಷ್ಟ ಅಂತಾರೆ. ಗಂಡಿನ್ ಕಡೇರು ಅಂಗೇ ತಿರ್ಗ್ಕಂಡ್ ಓಯ್ತಾರೆ. ನೀ ಬಾಯ್ ಮುಚ್ಕಂಡಿರು."

ಬಾಯಿ ಮುಚ್ಚಿಕೊಂಡೆ. ಕ್ಲಾಸಿನಲ್ಲಿ ಮಕ್ಕಳ ಮೇಲೆ ಕಾರಣವಿಲ್ಲದೆ ರೇಗುತ್ತಿದ್ದೆ. ದಿನವೂ ಫೋನು ಮಾಡಿ ಅವಳ ಮಾತಿಗಿಂತ ನಡುನಡುವೆ ಬರುತ್ತಿದ್ದ ಒಣಕೆಮ್ಮಿನ ಮೇಲೇ ಕಿವಿ ಇಡುತ್ತಿದ್ದೆ. ಒಂದು ದಿನ ಮಹಡಿ ಹತ್ತಿ ಬಂದು ಫೋನು ಎತ್ತಿದವಳಿಗೆ "ಹಲೋ" ಅನ್ನಲೂ ಉಸಿರು ಸಾಲಲಿಲ್ಲ.

ಆ ವಾರದ ಭಾನುವಾರ ಧಾರೆ ಸೀರೆ ತೆಗೆಯುವ ದಿನ ಗೊತ್ತು ಮಾಡಲು ಬೀಗಿತ್ತಿ ಅರಕಲಗೂಡಿನಿಂದ ಬಂದರು. ನಾನೂ ಇದ್ದೆ. ಹೊರಡುವಾಗ ಅಕ್ಕ ತಾಂಬೂಲ ಕೊಟ್ಟಳು. ಆಯಮ್ಮ ಪ್ರೀತಿಯಿಂದಲೇ ಅವಳ ಎರಡೂ ಕೈ ಹಿಡಿದುಕೊಂಡವರು ಬೆಚ್ಚಿದರು. "ಅಯ್ಯೋ, ಇದ್ಯಾಕವ್ವ, ಕೈ ಇಂಗೆ ತಣ್ಗದೆ? ಮರದ್ ಅಲ್ಗೆ ಇದ್ದಂಗದಲ್ಲ!"

"ಕಾಯಿ ಸುಲ್ದು..." ಎಂದ ಅಕ್ಕನಿಗೆ ಕೆಮ್ಮು ಬಂತು. ನಿಲ್ಲಲಿಲ್ಲ. ಗೋಡೆ ಹಿಡಿದುಕೊಂಡಳು. ಇನ್ನು ತಡೆಯಲು ನನ್ನಿಂದಾಗಲಿಲ್ಲ. "ಕಾಯಿ ಸುಲಿದದ್ದಲ್ಲಮ್ಮ, ಕಾಯಿಲೆ" ಎಂದು ಎಲ್ಲವನ್ನೂ ಒದರಿಬಿಟ್ಟೆ. ಅಕ್ಕ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದಳು.

"ಅಂಟ್ತದಾ?" ಎಂದರು ಬೀಗಿತ್ತಿ.

"ಇಲ್ಲ, ಖಂಡಿತ ಅಂಟುವುದಿಲ್ಲ."

"ನಿಮ್ ಮಗೀಗೂ ಬತ್ತದಾ?"

ಇಲ್ಲ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಬಾಯಿಗೆ ಬಂದದ್ದು ಪಾಠ ಹೇಳುವವಳ ಉತ್ತರ. "ಬರುವುದು ಬಹಳ ಅಪರೂಪ."

"ಅಪರೂಪ ಅಂದ್ರೆ ಬಂದ್ರೂ ಬರ್ಬೋದು ಅಂತ ತಾನೆ?"

ಉತ್ತರ ಕೊಟ್ಟವಳು ಅಕ್ಕ, ಗೋಡೆ ಹಿಡಿದುಕೊಂಡೇ. "ಊಂ, ಬಂದ್ರೂ ಬರ್ಬೋದು. ಬಂದ್ರೆ ಮುಚ್ಚಿಕ್ಕದಂಗೆ ಆಸ್ಪತ್ರೆಗೆ ಕರ್ಕಂಡ್ ಓಗಿ ತೋರುಸ್ಬೇಕು. ಅಂತಾ ಮನೆಗೆ ಮಾತ್ರ ನನ್ ಮಗ್ಳ ಕೊಡ್ತೀನಿ. ಇಲ್ದಿದ್ರೆ ಬ್ಯಾಡ."

"ಮನೇಲಿ ಮಾತಾಡಿ ಯೋಳ್ತೀವಿ" ಎಂದು ಬೀಗಿತ್ತಿ ಚಪ್ಪಲಿ ಮೆಟ್ಟಿಕೊಂಡರು.

ಅವರು ಬೀದಿ ದಾಟುವವರೆಗೆ ತಡೆದಿದ್ದು ನಾನು ಅತ್ತುಬಿಟ್ಟೆ. ಸಂಬಂಧ ಮುರಿದವಳು ನಾನೇ ಅನ್ನಿಸಿತು. ಅಕ್ಕ ಸಮಾಧಾನವನ್ನೂ ಮಾಡಲಿಲ್ಲ, ಬೈಯಲೂ ಇಲ್ಲ. "ನಾಳೀಕೆ ರಜಾ ಆಕು, ಆಸನಕ್ಕೆ ಓಗಾನ" ಎಂದಳು. "ನಾನೇ ತೋರುಸ್ಕಳ್ದೆ, ಮಗ್ಳನ್ನ ತೋರ್ಸಿ ಅಂತ ಇನ್ನೊಬ್ರಿಗೆ ಎಂಗೆ ಯೋಳ್ಲಿ?"

ಮರುದಿನ ಸ್ಕ್ಯಾನಿಂಗ್ ಕೋಣೆಯ ಹೊರಗೆ ನಾನು ಕೂರಲಾರದೆ ನಿಲ್ಲಲಾರದೆ ಒದ್ದಾಡುತ್ತಿದ್ದೆ. ಅರಕಲಗೂಡಿನಿಂದ ಏನೂ ಸುದ್ದಿ ಇರಲಿಲ್ಲ. ಒಳಗಿನಿಂದ ಕರೆದಾಗ ಅಕ್ಕ ತನ್ನ ಫೋನನ್ನು ನನ್ನ ಕೈಗಿಟ್ಟಳು.

"ಅವ್ರೇನಾದ್ರೂ ಫೋನ್ ಮಾಡುದ್ರೆ ನೀನೇ ಎತ್ತು. ಅಕ್ಕ ಸ್ಕ್ಯಾನಿಂಗ್‌ಗೆ ಓಗವಳೆ ಅನ್ನು. ಸುಳ್ ಯೋಳ್ಬ್ಯಾಡ."